ಕಡಲ ತೀರದ ಮಗಳು

ಹೆಣ್ಣು ಮಕ್ಕಳು ಹೆಚ್ಚು ಓದಿದರೆ ದೀನ್‌ನಿಂದ ದೂರವಾಗುತ್ತಾರೆ ಎಂಬ ಮಾತನ್ನು ನೀವು ಕುಟುಂಬದ ಹಿರಿಯರಿಂದ ಕೇಳಿರಬಹುದು. ದೀನ್‌ಗೆ ಬದ್ಧಳಾದ ಹೆಣ್ಣಿಗೆ ಹಕ್ಕುಗಳೇ ಇಲ್ಲ ಎಂಬ ಮಾತನ್ನು ಹೊರಗಿನವರಿಂದಲೂ ಕೇಳಿರಬಹುದು. ಈ ಎರಡಕ್ಕೂ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟವರು ಈಜಿಪ್ಟಿನ ವಿದ್ವಾಂಸೆ ಡಾ. ಆಯಿಶಾ ಅಬ್ದುರ್ರಹ್ಮಾನ್.

ಅವರು 1913ರಲ್ಲಿ, ನೈಲ್ ನದಿಯು ಸಮುದ್ರ ಸೇರುವಲ್ಲಿರುವ ದಿಮ್ಯಾತ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಲ್ ಅಝ್‌ಹರ್‌ನಲ್ಲಿ ಕಲಿತ ಧಾರ್ಮಿಕ ವಿದ್ವಾಂಸರು. ಮಗಳಿಗೆ ಬಾಲ್ಯದಲ್ಲೇ ಕುರ್‌ಆನ್ ಮತ್ತು ಅರಬಿ ಭಾಷೆಯ ಶಿಕ್ಷಣ ಕೊಡಿಸಿದರು. ಆದರೆ ಅವಳು ಶಾಲೆಗೆ ಹೋಗುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಆಗ ಮಗುವಿನ ಬೆನ್ನಿಗೆ ನಿಂತವರು ತಾಯಿ ಮತ್ತು ತಾಯಿಯ ಅಜ್ಜ. ಬಹುಪಾಲು ಮನೆಯಲ್ಲೇ ಓದಿದ ಆಯಿಶಾ 1929ರ ಶಿಕ್ಷಕಿಯರ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಪ್ರಥಮರಾದರು.

ಚಿಕ್ಕ ವಯಸ್ಸಿನಲ್ಲೇ ಅವರು ಮಹಿಳಾ ಪತ್ರಿಕೆಗೆ ಬರೆಯತೊಡಗಿದರು. ತಂದೆಯ ಮನಸ್ಸು ನೋಯಬಾರದೆಂದು ತಮ್ಮ ಹೆಸರನ್ನು ಮರೆಮಾಡಿ ‘ಬಿಂತುಶ್ಶಾತಿ’, ಅಂದರೆ ತೀರದ ಮಗಳು ಎಂಬ ಹೆಸರಿಟ್ಟುಕೊಂಡರು. ಜಗತ್ತು ಅವರನ್ನು ಕೊನೆವರೆಗೂ ಗುರುತಿಸಿದ್ದು ಅದೇ ಹೆಸರಿನಿಂದ. ಪ್ರಸಿದ್ಧ ಅಲ್ ಅಹ್ರಾಮ್ ದಿನಪತ್ರಿಕೆಯಲ್ಲೂ ಅವರ ಲೇಖನಗಳು ಬಂದವು. ಜಮೀನ್ದಾರರ ಕೈಕೆಳಗೆ ನಲುಗುತ್ತಿದ್ದ ಹಳ್ಳಿಯ ರೈತರ ಮತ್ತು ಅವರ ಹೆಂಗಸರ ಸಂಕಷ್ಟವನ್ನು ಅವರು ನಾಡಿನ ಮುಂದಿಟ್ಟರು. 1936ರಲ್ಲಿ ಈಜಿಪ್ಟಿನ ಗ್ರಾಮ ಜೀವನದ ಕುರಿತ ಅವರ ಗ್ರಂಥ ಪ್ರಕಟವಾಯಿತು.

ಲೇಖನಿಯ ಹೋರಾಟ ಅವರನ್ನು ಅಧ್ಯಯನದಿಂದ ದೂರ ಮಾಡಲಿಲ್ಲ. ಕೈರೋ ವಿಶ್ವವಿದ್ಯಾನಿಲಯದಲ್ಲಿ ಅರಬಿ ಸಾಹಿತ್ಯ ಕಲಿತು 1939ರಲ್ಲಿ ಪದವಿಯನ್ನೂ 1950ರಲ್ಲಿ ಡಾಕ್ಟರೇಟನ್ನೂ ಪಡೆದರು. ಅಲ್ಲಿ ಗುರುಗಳಾಗಿದ್ದ ಅಮೀನ್ ಅಲ್ ಖೂಲಿಯವರು ಬಳಿಕ ಪತಿಯಾದರು. ಕುರ್‌ಆನನ್ನು ಕುರ್‌ಆನ್‌ನಿಂದಲೇ ಅರಿಯುವ ಅವರ ಅಧ್ಯಯನ ಕ್ರಮವನ್ನು ಆಯಿಶಾ ತಮ್ಮದಾಗಿಸಿಕೊಂಡರು.

ಈ ಕ್ರಮವೇನೆಂದು ಒಂದು ಉದಾಹರಣೆಯಿಂದ ತಿಳಿಯಿರಿ. ಕನಸು ಎಂಬುದಕ್ಕೆ ಕುರ್‌ಆನ್‌ನಲ್ಲಿ ‘ರುಅ್‌ಯಾ’ ಮತ್ತು ‘ಅಹ್ಲಾಮ್’ ಎಂಬ ಎರಡು ಪದಗಳಿವೆ. ಎರಡೂ ಒಂದೇ ಎಂದು ನಾವು ಭಾವಿಸುತ್ತೇವೆ. ಆಯಿಶಾ ಪ್ರತಿಯೊಂದು ಪ್ರಯೋಗವನ್ನೂ ಹುಡುಕಿ ಜೊತೆಗಿಟ್ಟು ನೋಡಿದರು. ‘ಅಹ್ಲಾಮ್’ ಈ ಅರ್ಥದಲ್ಲಿ ಬಂದಿರುವುದು ಮೂರು ಬಾರಿ. ಯಾವಾಗಲೂ ಬಹುವಚನದಲ್ಲಿ, ಗೊಂದಲದ ಕನಸುಗಳಿಗಾಗಿ. ‘ರುಅ್‌ಯಾ’ ಬಂದಿರುವುದು ಏಳು ಬಾರಿ. ಯಾವಾಗಲೂ ಏಕವಚನದಲ್ಲಿ, ನಿಜವಾಗುವ ಕನಸಿಗಾಗಿ. ಅಲ್ಲಾಹನ ಗ್ರಂಥದಲ್ಲಿ ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಡಲಾಗದು ಎಂಬುದು ಅವರ ನಿಲುವಾಗಿತ್ತು. 1962 ಮತ್ತು 1969ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವರ ತಫ್ಸೀರ್ ಕೆಲವು ಚಿಕ್ಕ ಸೂರಃಗಳನ್ನು ಈ ರೀತಿಯಲ್ಲಿ ವಿವರಿಸುತ್ತದೆ. ಪ್ರವಾದಿವರ್ಯರ(ಸ) ತಾಯಿ, ಪತ್ನಿಯರು ಮತ್ತು ಪುತ್ರಿಯರ ಜೀವನ ಚರಿತ್ರೆಗಳನ್ನೂ ಅವರು ಬರೆದರು.

ಕೈರೋದ ಐನ್ ಶಮ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಅವರು, ಬಳಿಕ ಮೊರೊಕ್ಕೋದ ಪುರಾತನ ಖರವಿಯ್ಯೀನ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಎರಡು ದಶಕ ಕುರ್‌ಆನ್ ಅಧ್ಯಯನ ಕಲಿಸಿದರು.

ಹಾಗಾದರೆ ಮಹಿಳೆಯರ ಹಕ್ಕಿನ ಮಾತನ್ನು ಅವರು ಬಿಟ್ಟುಬಿಟ್ಟರೇ? ಇಲ್ಲ, ಅದಕ್ಕೆ ಇನ್ನಷ್ಟು ಗಟ್ಟಿಯಾದ ನೆಲೆ ಹುಡುಕಿಕೊಂಡರು. 1967ರಲ್ಲಿ ಸುಡಾನ್‌ನ ಒಮ್ದುರ್ಮಾನ್‌ನಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸ ನೀಡಿದರು. ಮಹಿಳೆಯ ವಿಮೋಚನೆಯನ್ನು ಪಾಶ್ಚಾತ್ಯರ ಅನುಕರಣೆಯಲ್ಲಿ ಹುಡುಕಬೇಕಿಲ್ಲ, ಅವಳನ್ನು ಪೂರ್ಣ ಮನುಷ್ಯಳೆಂದು ಕಂಡು ಜ್ಞಾನವನ್ನೂ ಹೊಣೆಯನ್ನೂ ಕೊಟ್ಟ ಇಸ್ಲಾಮಿನಲ್ಲೇ ಅದು ಇದೆ ಎಂಬುದು ಅದರ ಸಾರ. ಪುರುಷನಿಗಿರುವ ಮೇಲ್ವಿಚಾರಣೆಯನ್ನು ಅಂಕುಶವಿಲ್ಲದ ಅಧಿಕಾರವೆಂದು ಅವರು ಒಪ್ಪಲಿಲ್ಲ.

1994ರಲ್ಲಿ ಅವರು ಕಿಂಗ್ ಫೈಸಲ್ ಪ್ರಶಸ್ತಿಗೆ ಪಾತ್ರರಾದರು. 1998ರ ಡಿಸೆಂಬರ್ 1ರಂದು ಕೈರೋದಲ್ಲಿ ನಿಧನ ಹೊಂದಿದರು.

ತಂದೆ ತಾಯಂದಿರೇ, ಸ್ವಲ್ಪ ಯೋಚಿಸಿರಿ. ಈ ಹೆಣ್ಣು ಮಗಳಿಗೆ ಕುರ್‌ಆನ್‌ನ ಪ್ರೀತಿ ಕೊಟ್ಟವರು ತಂದೆ, ಶಾಲೆಯ ಬಾಗಿಲು ತೆರೆದವರು ತಾಯಿ. ಎರಡರಲ್ಲಿ ಒಂದು ಇಲ್ಲದಿದ್ದರೂ ನಮಗೆ ಈ ವಿದ್ವಾಂಸೆ ಸಿಗುತ್ತಿರಲಿಲ್ಲ. ನಿಮ್ಮ ಮಗಳಿಗೆ ಎರಡನ್ನೂ ಕೊಡಿರಿ. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ, ಆಮೀನ್.