ಬೆಳ್ಳಿ ನಾಣ್ಯಕ್ಕೆ ಗಡ್ಡೆಯ ಗುರುತು: ಆರ್ಚ್‌ಬಿಷಪ್ ಲಿಯೊನ್‌ಹಾರ್ಡ್

ನಾಣ್ಯದ ಮೇಲೆ ರಾಜನ ಮುಖವೋ ಸಿಂಹವೋ ಇರುವುದು ವಾಡಿಕೆ. ಆದರೆ 500 ವರ್ಷಗಳ ಹಿಂದೆ ಸಾಲ್ಜ್‌ಬರ್ಗ್‌ನಲ್ಲಿ ಅಚ್ಚಾದ ಬೆಳ್ಳಿ ನಾಣ್ಯಗಳಲ್ಲಿ ಎಲೆ ಸಮೇತ ಒಂದು ಟರ್ನಿಪ್ ಗಡ್ಡೆ ಕಾಣುತ್ತದೆ. ಇದು ಆರ್ಚ್‌ಬಿಷಪ್ ಲಿಯೊನ್‌ಹಾರ್ಡ್ ಫಾನ್ ಕೊಯ್ಟ್‌ಶಾಕ್ ಅವರ ಮನೆತನದ ಲಾಂಛನ.

ಇಂದು ಆಸ್ಟ್ರಿಯಾದಲ್ಲಿರುವ ಸಾಲ್ಜ್‌ಬರ್ಗ್ ಆಗ ಜರ್ಮನ್ ಸಾಮ್ರಾಜ್ಯದ ಭಾಗ. ಅಲ್ಲಿ ಆರ್ಚ್‌ಬಿಷಪ್ ಎಂದರೆ ಧರ್ಮಗುರು ಮಾತ್ರವಲ್ಲ, ಆ ನಾಡಿನ ದೊರೆಯೂ ಹೌದು. ಕಂದಾಯ, ನ್ಯಾಯ, ಟಂಕಸಾಲೆ ಎಲ್ಲವೂ ಅವರ ಕೈಯಲ್ಲೇ.

ಕ್ಯಾರಿಂಥಿಯಾದ ಸಣ್ಣ ಜಮೀನುದಾರ ಮನೆತನದ ಲಿಯೊನ್‌ಹಾರ್ಡ್, ಮಠದ ಮುಖ್ಯಸ್ಥರಾಗಿದ್ದು 1495ರಲ್ಲಿ ಗದ್ದುಗೆ ಏರಿದರು. ಸಂಸ್ಥಾನ ಆಗ ಸಾಲದಲ್ಲಿ ಮುಳುಗಿತ್ತು. ಗಾಸ್ಟೈನ್ ಮತ್ತು ರೌರಿಸ್ ಕಣಿವೆಗಳ ಗಣಿಗಳನ್ನು, ಹಾಲೈನ್‌ನ ಉಪ್ಪನ್ನು ನೆಚ್ಚಿಕೊಂಡು, ಖರ್ಚು ಹಿಡಿದು ಅವರು ಸಾಲ ತೀರಿಸಿದರು.

ಅವರ ಮುಂದಿನ ಕೆಲಸ ನಾಣ್ಯ ಸುಧಾರಣೆ. 1500ರಿಂದ ಗಡ್ಡೆಯ ಗುರುತಿನ ಬಾಟ್ಸೆನ್ ಎಂಬ ಬೆಳ್ಳಿ ನಾಣ್ಯಗಳು ಹೊರಬಂದವು. 1504ರಲ್ಲಿ ಅಚ್ಚಾದ ದೊಡ್ಡ ಬೆಳ್ಳಿ ನಾಣ್ಯವನ್ನು ಜನ ಗಡ್ಡೆ ಟಾಲರ್ ಎಂದೇ ಕರೆಯುತ್ತಾರೆ. ಅದು ಈಗ ಸಂಗ್ರಾಹಕರಿಗೆ ಬಲು ಅಪರೂಪದ ವಸ್ತು.

ಬಂದ ಹಣದಲ್ಲಿ ಊರ ನೆತ್ತಿಯ ಹೋಹನ್‌ಸಾಲ್ಜ್‌ಬರ್ಗ್ ಕೋಟೆಯನ್ನು ದೊಡ್ಡದು ಮಾಡಿದರು. ಅಲ್ಲಿನ ಗೋಡೆ, ಬಾಗಿಲುಗಳಲ್ಲಿ ಇಂದಿಗೂ ಗಡ್ಡೆಯ ಗುರುತು ಎದುರಾಗುತ್ತದೆ.

ಆದರೆ ಈ ಜಾಣ ಆಡಳಿತಕ್ಕೆ ಇನ್ನೊಂದು ಮುಖವೂ ಇತ್ತು. 1498ರಲ್ಲಿ ಅವರು ಯಹೂದಿಗಳನ್ನು ಸಂಸ್ಥಾನದಿಂದ ಹೊರಹಾಕಿದರು. ಊರಿನವರಿಗೆ 1481ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್, ತಮ್ಮ ನಗರಸಭೆಯನ್ನು ತಾವೇ ಆರಿಸಿಕೊಳ್ಳುವ ಹಕ್ಕು ಕೊಟ್ಟಿದ್ದರು. ಅದು ಆರ್ಚ್‌ಬಿಷಪ್‌ಗೆ ಸಹಿಸಲಾಗಲಿಲ್ಲ. 1511ರ ಜನವರಿಯಲ್ಲಿ ಮೇಯರ್ ಮತ್ತು ಸದಸ್ಯರನ್ನು ಊಟಕ್ಕೆ ಕರೆದರು. ನಂಬಿ ಬಂದವರನ್ನು ಅಲ್ಲೇ ಸೆರೆಹಿಡಿಸಿ, ಕೊರೆಯುವ ಚಳಿಯಲ್ಲಿ ಬೇರೆ ಊರಿಗೆ ಸಾಗಿಸಿದರು. ಜೀವ ಉಳಿದರೆ ಸಾಕೆಂದು ಊರವರು ಆ ಹಕ್ಕನ್ನೇ ಬಿಟ್ಟುಕೊಟ್ಟರು.

ಲಿಯೊನ್‌ಹಾರ್ಡ್ 1519ರಲ್ಲಿ ತುಂಬಿದ ಬೊಕ್ಕಸ ಬಿಟ್ಟು ತೀರಿಕೊಂಡರು. ಊರವರ, ರೈತರ ಮುನಿಸು ಮಾತ್ರ ತೀರಲಿಲ್ಲ. 1525ರಲ್ಲಿ ರೈತರು, ಗಣಿ ಕಾರ್ಮಿಕರು ದಂಗೆಯೆದ್ದು ಅದೇ ಕೋಟೆಗೆ ಮುತ್ತಿಗೆ ಹಾಕಿದರು. ಒಳಗಿದ್ದ ಮುಂದಿನ ಆರ್ಚ್‌ಬಿಷಪ್ ಮ್ಯಾಥೌಸ್ ಲಾಂಗ್ ಅವರನ್ನು ಉಳಿಸಿದ್ದು ಲಿಯೊನ್‌ಹಾರ್ಡ್ ಕಟ್ಟಿಸಿದ ಗೋಡೆಗಳೇ. ಬೆಳ್ಳಿಯಲ್ಲಿ ಊರವರ ನಂಬಿಕೆ ಗಳಿಸಿದ ದೊರೆ, ಊಟದ ಮನೆಯಲ್ಲಿ ಅದನ್ನು ಕಳೆದುಕೊಂಡಿದ್ದರು.