ಮ್ಯಾಕ್ಸ್ ಬಾರ್ನ್ ಮತ್ತು ಉಪ್ಪಿನ ಹರಳು

ನಾನು ಹಳಗನ್ನಡ ಪಾಠ ಹೇಳುವವನು. ಅಣು ಪರಮಾಣುಗಳ ಮಾತು ನನ್ನ ಸೀಮೆಯದಲ್ಲ. ಆದರೂ ಒಂದು ಸಂಜೆ ಜಗತ್ ವೃತ್ತದ ಬಳಿ ಚಹ ಕುಡಿಯುತ್ತ ನಿಂತಾಗ, ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ಉಪ್ಪಿನ ವಿಚಾರ ತೆಗೆದರು. ಉಪ್ಪಿನ ಹರಳಿನ ಕಟ್ಟಡವನ್ನು ಲೆಕ್ಕಕ್ಕೆ ತಂದ ಜರ್ಮನ್ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸುಮಾರು ಆರು ತಿಂಗಳು ನಮ್ಮ ಬೆಂಗಳೂರಿನಲ್ಲಿದ್ದರೆಂದೂ, ಇಲ್ಲಿಯೇ ನಿಲ್ಲಬಹುದಾಗಿದ್ದವರು ನಿಲ್ಲದೆ ಹೋದರೆಂದೂ ಹೇಳಿದರು. ಆ ಮೇಲೆ ನಾನು ಬಾರ್ನರ ಆತ್ಮಕಥೆಯನ್ನು ಹುಡುಕಿ ಓದಿದೆ. ಅರ್ಥವಾಗದ ಕಡೆ ಮಿತ್ರರನ್ನು ಕಾಡಿದೆ.

ಬಾರ್ನರು 1882ರ ಡಿಸೆಂಬರ್ 11ರಂದು ಬ್ರೆಸ್ಲೌ ನಗರದ ಯೆಹೂದಿ ಮನೆತನದಲ್ಲಿ ಜನಿಸಿದರು. ಆ ನಗರವೀಗ ಪೋಲೆಂಡಿಗೆ ಸೇರಿದೆ. ತಂದೆ ಗುಸ್ಟಾವ್ ಅಂಗರಚನಾಶಾಸ್ತ್ರಜ್ಞರು. ತಾಯಿ ಮಗ ಇನ್ನೂ ಎಳೆಯವನಾಗಿದ್ದಾಗಲೇ ತೀರಿಕೊಂಡರು. 1906ರಲ್ಲಿ ಗಟ್ಟಿಂಗೆನ್‌ನಲ್ಲಿ ಡಾಕ್ಟರೇಟ್ ಆಯಿತು. 1915ರಲ್ಲಿ ಹರಳುಗಳ ಚಲನೆಯನ್ನು ಕುರಿತ ಗ್ರಂಥ ಹೊರಬಂದಿತು. ಅದೇ ವರ್ಷ ಬರ್ಲಿನ್ನಿಗೆ ಹೋದ ಅವರಿಗೆ ಐನ್‌ಸ್ಟೈನರ ನಿಕಟ ಸ್ನೇಹ ದೊರೆಯಿತು.

ಉಪ್ಪಿನ ಹರಳಿನಲ್ಲಿ ಧನ ವಿದ್ಯುತ್ತಿನ ಒಂದೊಂದು ಸೋಡಿಯಂ ಅಯಾನಿನ ಸುತ್ತ ಋಣ ವಿದ್ಯುತ್ತಿನ ಆರು ಕ್ಲೋರಿನ್ ಅಯಾನುಗಳಿವೆ. ಒಂದೊಂದು ಕ್ಲೋರಿನ್ನಿನ ಸುತ್ತ ಆರು ಸೋಡಿಯಂ. ದೂರದಿಂದ ಸೆಳೆತ, ತೀರ ಹತ್ತಿರಕ್ಕೆ ಬಂದರೆ ನೂಕು. ಈ ಎರಡನ್ನೇ ಹಿಡಿದು 1918ರಲ್ಲಿ ಬಾರ್ನರೂ ಆಲ್‌ಫ್ರೆಡ್ ಲಾಂಡೆಯವರೂ ಹರಳನ್ನು ಕಟ್ಟಿ ನಿಲ್ಲಿಸಿರುವ ಶಕ್ತಿಯ ಲೆಕ್ಕ ಹಾಕಿದರು. ಅಲ್ಲಿ ಅಯಾನೆಂದರೆ ಬಹುಮಟ್ಟಿಗೆ ಗಟ್ಟಿಯಾದ ಗೋಲಿ.

ಆದರೆ ಆ ಗೋಲಿಯ ಚಿತ್ರ ಸಾಲದೆಂಬುದನ್ನು ಸ್ವತಃ ಬಾರ್ನರೇ ಒಪ್ಪಿಕೊಂಡರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಗತಿಯೇ. 1924ರಲ್ಲಿ ತಮ್ಮ ತರುಣ ಸಹಾಯಕ ಹೈಸೆನ್‌ಬರ್ಗರೊಡನೆ ಅವರು ಬರೆದ ಪ್ರಬಂಧದ ವಿಷಯ, ಅಯಾನು ತನ್ನ ನೆರೆಯ ವಿದ್ಯುತ್ತಿಗೆ ಎಷ್ಟು ಬಗ್ಗುತ್ತದೆ ಎಂಬುದು. ಇದಕ್ಕೆ ಧ್ರುವೀಕರಣಶೀಲತೆ ಎಂಬ ಭಾರವಾದ ಹೆಸರುಂಟು. ಸೋಡಿಯಂ ನಿಜಕ್ಕೂ ಗೋಲಿಯೇ. ಕ್ಲೋರಿನ್ ಮಾತ್ರ ನಾದಿಟ್ಟ ಜೋಳದ ಹಿಟ್ಟಿನ ಮುದ್ದೆ. ಅದು ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಬಗ್ಗುತ್ತದೆ.

ಹರಳಿನೊಳಗೆ ಈ ಗುಣ ಮರೆಯಾಗಿರುತ್ತದೆ. ಆರು ಕಡೆಯಿಂದಲೂ ಸಮನಾಗಿ ಎಳೆದರೆ ಮುದ್ದೆ ಯಾವ ಕಡೆಗೆ ವಾಲೀತು? ಉಪ್ಪನ್ನು ಕಾಯಿಸಿ ಆವಿಯಾಗಿಸಿದಾಗ ಒಂಟಿ ಜೋಡಿಗಳೂ ಜೋಡಿಗಳ ಪುಟ್ಟ ಗುಂಪುಗಳೂ ಹೊರಬೀಳುತ್ತವೆ. ಆಗ ಎಳೆತ ಒಂದೇ ಕಡೆಯದು. ಕ್ಲೋರಿನ್ನಿನ ಎಲೆಕ್ಟ್ರಾನ್ ಮೋಡ ಸೋಡಿಯಮ್ಮಿನ ಕಡೆ ವಾಲುತ್ತದೆ. ಹರಳಿನಲ್ಲಿ ಎರಡರ ನಡುವಣ ದೂರ 2.82 ಆಂಗ್‌ಸ್ಟ್ರಾಂ, ಒಂಟಿ ಜೋಡಿಯಲ್ಲಿ 2.36. ಸುತ್ತಲಿನ ನೂಕಾಟ ಕಡಿಮೆಯಾದುದು ಇದಕ್ಕೆ ಒಂದು ಕಾರಣ, ಈ ಬಾಗುವಿಕೆ ಇನ್ನೊಂದು. ಅಣುವಿನ ಎರಡು ತುದಿಗಳ ವಿದ್ಯುದ್ಭೇದ, ಗೋಲಿಗಳ ಲೆಕ್ಕದಂತೆ, 11.3 ಡಿಬೈ ಇರಬೇಕು. ಅಳೆದರೆ ಸಿಕ್ಕುವುದು 9. ಎರಡು ಜೋಡಿ ಕೂಡಿದರೆ ಆಗುವ ಆಕಾರ ಚಚ್ಚೌಕವಲ್ಲ, ಓರೆಯಾದ ವಜ್ರಾಕೃತಿ. ಅಲ್ಲಿ ಎರಡು ಸೋಡಿಯಂಗಳು, ಒಂದನ್ನೊಂದು ದೂಡಬೇಕಾದವು, ಕ್ಲೋರಿನ್ನುಗಳಿಗಿಂತ ಹತ್ತಿರ ಸರಿದಿರುತ್ತವೆ. ಒಳಕ್ಕೆ ವಾಲಿದ ಕ್ಲೋರಿನ್ ಮೋಡ ಅವುಗಳ ಜಗಳಕ್ಕೆ ಅಡ್ಡ ನಿಲ್ಲುತ್ತದೆ.

1926ರಲ್ಲಿ ಬಾರ್ನರು ಕ್ವಾಂಟಂ ತತ್ತ್ವಕ್ಕೆ ಸಂಭಾವ್ಯತೆಯ ಅರ್ಥ ಕೊಟ್ಟುದು ಲೋಕಪ್ರಸಿದ್ಧ. ಅದನ್ನು ಬಲ್ಲವರು ಬರೆಯಲಿ.

1933ರ ವಸಂತದಲ್ಲಿ ಹಿಟ್ಲರನ ಸರಕಾರ ಯೆಹೂದಿಗಳೆಂಬ ಕಾರಣಕ್ಕೆ ಅವರನ್ನು ಹುದ್ದೆಯಿಂದ ದೂರವಿಟ್ಟಿತು. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಆಶ್ರಯ ದೊರೆಯಿತು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಕರೆ ಕಳುಹಿಸಿದರು. 1935ರ ಕೊನೆಯಲ್ಲಿ ಬಾರ್ನರು ಪತ್ನಿ ಹೆಡ್ವಿಗ್‌ರೊಡನೆ ಬಂದಿಳಿದರು. ಎನ್. ಎಸ್. ನಾಗೇಂದ್ರನಾಥರೊಡನೆ ಕೂಡಿ ಸಂಶೋಧನೆ ನಡೆಸಿದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ನರ ಹಂಬಲ. ಅಧ್ಯಾಪಕರ ಸಭೆಯಲ್ಲಿ ಸೂಚನೆ ಬಂದಾಗ ಒಬ್ಬ ಆಂಗ್ಲ ಪ್ರಾಧ್ಯಾಪಕರು ಎದ್ದು, ಸ್ವದೇಶವೇ ಹೊರದೂಡಿದ ಎರಡನೆಯ ದರ್ಜೆಯ ಪರಕೀಯನು ತಮ್ಮ ಸಂಸ್ಥೆಗೆ ತಕ್ಕವನಲ್ಲವೆಂಬ ಅರ್ಥದಲ್ಲಿ ಮಾತಾಡಿದರು. ಬಾರ್ನರು ಅಲ್ಲಿಯೇ ಕುಳಿತಿದ್ದರು! ಮನೆಗೆ ಬಂದು ಪತ್ನಿಯ ಮುಂದೆ ಅತ್ತುಬಿಟ್ಟೆನೆಂದು ಐವತ್ಮೂರು ವಯಸ್ಸಿನ ಆ ಪಂಡಿತರು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಹುದ್ದೆ ಆಗಲಿಲ್ಲ. 1936ರಲ್ಲಿ ಅವರು ಮರಳಿದರು. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರನ್ನು ಕರೆದುಕೊಂಡಿತು. 1953ರವರೆಗೆ ಅಲ್ಲಿಯೇ ಪಾಠ ಹೇಳಿದರು. ಆ ಪಾಠಗಳು ಬೆಂಗಳೂರಿನಲ್ಲಿ ನಡೆದಿದ್ದರೆ ಎಂಬ ಯೋಚನೆ, ಅಧ್ಯಾಪಕನಾದ ನನ್ನನ್ನು ಓದುತ್ತಿದ್ದಾಗಲೆಲ್ಲ ಕೊರೆಯಿತು.

ಮುಂದೆ 1940ರ ದಶಕದಲ್ಲಿ, ಹರಳಿನ ಕಂಪನಗಳ ವಿಷಯದಲ್ಲಿಯೇ ರಾಮನ್ನರಿಗೂ ಬಾರ್ನರಿಗೂ ಕಟುವಾದ ವಾದ ಹುಟ್ಟಿತು. ಕಂಪನಗಳು ಎಣಿಕೆಗೆ ಸಿಗುವಷ್ಟೇ ಎಂದು ರಾಮನ್. ಅಖಂಡ ಶ್ರೇಣಿಯೆಂದು ಬಾರ್ನ್. ವಿಜ್ಞಾನಲೋಕ ಬಾರ್ನರ ಪಕ್ಷವನ್ನೇ ಹಿಡಿಯಿತು. ಎಲೆಕ್ಟ್ರಾನ್ ಮೋಡದ ಬಗ್ಗುವ ಗುಣ ಕಂಪನದೊಡನೆ ಏರಿಳಿಯುವುದೇ ರಾಮನ್ ಪರಿಣಾಮದ ಮೂಲ ಎಂದು ಮಿತ್ರರು ಹೇಳಿದಾಗ ನನಗೆ ಸೋಜಿಗವಾಯಿತು; ಇಬ್ಬರೂ ಹಿಡಿದುದು ಒಂದೇ ಎಳೆಯನ್ನು. ಸಮವಾಗಿ ಸುತ್ತುವರಿದ ಅಯಾನುಗಳಿಂದಾದ ಉಪ್ಪಿನ ಹರಳು ಆ ಪರಿಣಾಮವನ್ನು ತೀರ ಮಂದವಾಗಿ ತೋರುತ್ತದೆ. ಅದರ ಸಿದ್ಧಾಂತವನ್ನು 1947ರಲ್ಲಿ ಬರೆದವರು ಬಾರ್ನರೂ ಮೇರಿ ಬ್ರ್ಯಾಡ್‌ಬರ್ನರೂ.

1954ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಾರ್ನರು ಜರ್ಮನಿಗೆ ಮರಳಿ ಬಾಡ್ ಪಿರ್ಮಾಂಟ್ ಎಂಬ ಊರಿನಲ್ಲಿ ನೆಲಸಿ, 1970ರ ಜನವರಿ 5ರಂದು ಗಟ್ಟಿಂಗೆನ್‌ನಲ್ಲಿ ಕಾಲವಾದರು. ಅದೇ ವರ್ಷ ನವೆಂಬರ್ 21ರಂದು ಬೆಂಗಳೂರಿನಲ್ಲಿ ರಾಮನ್ನರೂ ತೀರಿಕೊಂಡರು.