ಮೆದುಳಿನ ಬುಡದಲ್ಲೊಂದು ಬಳೆ: ಥಾಮಸ್ ವಿಲ್ಲಿಸ್

ಮಕ್ಕಳೇ, ದವಡೆಯ ಕೆಳಗೆ, ಗಂಟಲ ಪಕ್ಕದಲ್ಲಿ ಎರಡು ಬೆರಳನ್ನು ಮೆಲ್ಲಗೆ ಇಟ್ಟು ನೋಡಿ. ಮಿಡಿತ ಸಿಕ್ಕಿತೇ? (ಒಂದೇ ಕಡೆ ಮುಟ್ಟಿ, ಎರಡೂ ಕಡೆ ಒಟ್ಟಿಗೆ ಒತ್ತಬಾರದು.) ತಲೆಗೆ ರಕ್ತ ಒಯ್ಯುವ ದೊಡ್ಡ ನಾಳ ಅದು. ಕತ್ತಿನ ಎರಡೂ ಬದಿಗೆ ಒಂದೊಂದು ಇದೆ. ಅವುಗಳಲ್ಲಿ ಒಂದು ಮುಚ್ಚಿಹೋದರೆ ಮೆದುಳಿನ ಗತಿ ಏನು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ಅವರು ಹುಟ್ಟಿದ್ದು 1621ರ ಜನವರಿ 27ರಂದು, ಗ್ರೇಟ್ ಬೆಡ್ವಿನ್ ಎಂಬ ಹಳ್ಳಿಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ರಾಜನಿಗೂ ಸಂಸತ್ತಿಗೂ ಯುದ್ಧ ನಡೆಯಿತು. ವಿಲ್ಲಿಸ್ ರಾಜನ ಪಡೆ ಸೇರಿದರು. 1646ರಲ್ಲಿ ವೈದ್ಯ ಪದವಿ ಬಂದರೂ ರೋಗಿಗಳು ಬರಲಿಲ್ಲ. ಗೆಳೆಯನೊಬ್ಬನೊಂದಿಗೆ ಒಂದೇ ಕುದುರೆಯನ್ನು ಹಂಚಿಕೊಂಡು ಅಬಿಂಗ್ಡನ್ ಸಂತೆಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರಂತೆ! 1660ರಲ್ಲಿ ಆಕ್ಸ್‌ಫರ್ಡ್‌ನಲ್ಲೇ ಪ್ರಾಧ್ಯಾಪಕರಾದರು.

ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೆ ಮರಳುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲೇ ತೋರಿಸಿದ್ದರು. ಆದರೆ ಮೆದುಳಿನೊಳಗೆ ಅದು ಹೇಗೆ ಹಂಚಿಹೋಗುತ್ತದೆ ಎಂಬುದು ಸರಿಯಾಗಿ ತಿಳಿದಿರಲಿಲ್ಲ.

ಒಮ್ಮೆ ವಿಲ್ಲಿಸ್ ಬೇರೆ ಕಾಯಿಲೆಯಿಂದ ತೀರಿಕೊಂಡ ವ್ಯಕ್ತಿಯೊಬ್ಬನ ತಲೆಯನ್ನು ಪರೀಕ್ಷಿಸಿದರು. ಬಲಗಡೆಯ ನಾಳ ಕಲ್ಲಿನಂತೆ ಗಟ್ಟಿಯಾಗಿ ಪೂರ್ತಿ ಮುಚ್ಚಿಹೋಗಿತ್ತು. ಆದರೂ ಬದುಕಿದ್ದಾಗ ಆತನಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಇದೇನು ಸೋಜಿಗ? ಇನ್ನಷ್ಟು ಹುಡುಕಿದಾಗ ಗುಟ್ಟು ಹೊರಬಿತ್ತು. ಅದೇ ಬದಿಯಲ್ಲಿ, ಕತ್ತಿನ ಹಿಂಭಾಗದ ಮೂಳೆಗಳ ನಡುವಿನಿಂದ ಮೇಲೇರುವ ಇನ್ನೊಂದು ನಾಳ ಮೂರು ಪಟ್ಟು ದಪ್ಪಗಾಗಿತ್ತು!

ವಿಲ್ಲಿಸ್ ತಮ್ಮ ಸಹಾಯಕ ರಿಚರ್ಡ್ ಲೋವರ್ ಜತೆ ಸೇರಿ ಮೃತದೇಹದ ಒಂದು ನಾಳಕ್ಕೆ ಬಣ್ಣದ ದ್ರವ ತುಂಬಿ, ಅದು ಎಲ್ಲೆಲ್ಲಿಗೆ ಹರಿಯುತ್ತದೆಂದು ಗಮನಿಸಿದರು. ಮುಂದೆ ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಕಟ್ಟಿಸಿದ ಕ್ರಿಸ್ಟೋಫರ್ ರೆನ್ ಮೆದುಳಿನ ಚಿತ್ರಗಳನ್ನು ಬರೆದುಕೊಟ್ಟರು. 1664ರಲ್ಲಿ ಪುಸ್ತಕ ಹೊರಬಂತು. ಕತ್ತಿನ ಮುಂದಿನ ಎರಡು, ಹಿಂದಿನ ಎರಡು ನಾಳಗಳು ಮೆದುಳಿನ ಬುಡದಲ್ಲಿ ಬಳೆಯಂತೆ ಕೂಡಿಕೊಂಡಿವೆ. ಕವಲುಗಳು ಆ ಬಳೆಯಿಂದ ಹೊರಡುತ್ತವೆ. ಮಧುರೆಯಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಗೆ ಮರ ಬಿದ್ದರೆ ಬಸ್ಸು ಬೇರೆ ಹಳ್ಳಿಗಳ ಮೇಲೆ ಬಳಸಿಕೊಂಡು ಹೋಗುವುದಿಲ್ಲವೇ? ರಕ್ತವೂ ಹಾಗೆಯೇ. ಈ ಬಳೆಯನ್ನು ಮೊದಲು ಕಂಡವರು ವಿಲ್ಲಿಸ್ ಅಲ್ಲ. ಆದರೆ ಅದರ ಕೆಲಸವನ್ನು ಚೆನ್ನಾಗಿ ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿತು.

ಬಳಸು ದಾರಿ ಅಷ್ಟು ಮುಖ್ಯವೇಕೆ? ನಮ್ಮ ತೂಕದಲ್ಲಿ ಮೆದುಳಿನ ಪಾಲು ಸುಮಾರು ಶೇ. 2 ಮಾತ್ರ. ಆದರೆ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು! ಕೂಡಿಟ್ಟುಕೊಳ್ಳಲು ಅದಕ್ಕೆ ಬಾರದು. ಕೆಲವೇ ನಿಮಿಷ ರಕ್ತ ನಿಂತರೂ ಮೆದುಳಿನ ಕೋಶಗಳು ಸಾಯತೊಡಗುತ್ತವೆ. ಎಲ್ಲರಲ್ಲೂ ಈ ಬಳೆ ಪೂರ್ಣವಾಗಿರುವುದಿಲ್ಲ. ಬಳೆ ದಾಟಿದ ಮೇಲಿನ ಕವಲಿನಲ್ಲಿ ತಡೆಯಾದರೆ ಅದರ ನೆರವು ಅಷ್ಟಾಗಿ ಸಿಗದು.

ಪಾಪ, ಆಮ್ಲಜನಕದ ಹೆಸರನ್ನೂ ವಿಲ್ಲಿಸ್ ಕೇಳಿರಲಿಲ್ಲ. ಅದು ಪತ್ತೆಯಾದದ್ದು 1770ರ ದಶಕದಲ್ಲಿ. ಅವರು 1675ರ ನವೆಂಬರ್ 11ರಂದೇ ಲಂಡನ್ನಿನಲ್ಲಿ ತೀರಿಕೊಂಡಿದ್ದರು. ನಾಳಕ್ಕೆ ದ್ರವ ತುಂಬಿ ರಕ್ತದ ದಾರಿ ನೋಡುವ ಅವರ ಉಪಾಯ ಮಾತ್ರ ಉಳಿದಿದೆ. ಇಂದಿನ ವೈದ್ಯರು ಎಕ್ಸ್-ರೇಯಲ್ಲಿ ಕಾಣುವಂಥ ದ್ರವವನ್ನು ನಾಳಕ್ಕೆ ಬಿಟ್ಟು, ಬದುಕಿರುವವರ ಮೆದುಳಿನಲ್ಲೇ ಈ ಬಳೆಯನ್ನು ನೋಡುತ್ತಾರೆ.